ಕಡಿಮೆ ಬಿದ್ದದ್ದು ಯಾವುದು

ನಾನು ಸಿದ್ದಿ ಸಮುದಾಯದವಳು, ಎಂದೋ ಆಫ್ರಿಕಾದಿಂದ ಬಂದವರ ಕುಲ; ಹಳಿಯಾಳದ ಆಚೆ ಕಾಡಂಚಿನ ಊರಿನವಳು. ಓಟ ಕಲಿಯಲೆಂದು ಹಾಸ್ಟೆಲು ಸೇರಿದ ದಿನವೇ ಅಲ್ಲಿನ ತರಬೇತಿ ಸರ್ ನನ್ನ ಕಾಲು ನೋಡಿ ಖುಷಿಪಟ್ಟಿದ್ದರು. "ನಿಮ್ಮ ಮಂದಿ ಹುಟ್ಟಾ ಗಟ್ಟಿ. ನಿನಗ ಬೂಟು ಯಾಕ? ಬರಿಗಾಲಾಗ ಓಡು, ಅದ ನಿನ್ನ ಶಕ್ತಿ," ಎಂದರು. ಬಂದ ಬೂಟುಗಳೆಲ್ಲ ಬೇರೆ ಹುಡುಗಿಯರಿಗೆ ಹೋದವು. ಹೊಗಳಿಕೆ ಎಂದುಕೊಂಡು ನಾನೂ ಉಬ್ಬಿದೆ. ಈಗ ನೆನೆದರೆ ಮೈ ಉರಿಯುತ್ತದೆ.

ಎರಡನೇ ವರ್ಷ ಕೊನೆಯ ಸುತ್ತಿನಲ್ಲಿ ಕಾಲುಗಳು ನನ್ನ ಮಾತು ಕೇಳದಾದವು. ಎದೆ ಢವಢವ, ಕಣ್ಣಿಗೆ ಕತ್ತಲೆ. ಸರ್ ಹಾಲು ಹೆಚ್ಚಿಸಿದರು, ಮೊಟ್ಟೆ ಹೆಚ್ಚಿಸಿದರು, ಸಾಲದ್ದಕ್ಕೆ ಸುತ್ತುಗಳನ್ನೂ ಹೆಚ್ಚಿಸಿದರು. ನಾನು ಮಾತ್ರ ಹಿಂದೆ ಹಿಂದೆ. ಕಡೆಗೆ ಆಯಿ ಎಂದು ನಾನು ಕರೆಯುವ ನನ್ನ ತಾಯಿಯನ್ನು ಊರಿಂದ ಕರೆಸಿದರು. "ಸೋಮಾರಿ ಆಗ್ಯಾಳ. ಮನಿಗೆ ಕರ್ಕೊಂಡು ಹೋಗ್ರಿ."

ಸೋಮಾರಿಯಂತೆ! ಬೆಳಕು ಹರಿಯುವ ಮುಂಚೆ ನೀರು ಹೊತ್ತು ಬೆಳೆದವಳು ನಾನು.

ಬಸ್ಸಿನಲ್ಲಿ ಕುದಿಯುತ್ತ ಕುಳಿತಿದ್ದೆ. ವಿಜ್ಞಾನದ ಪಾಠದಲ್ಲಿ ಕೇಳಿದ್ದು ನೆನಪಾಯಿತು: ಎಲೆಗೆ ಬಿಸಿಲು, ನೀರು ಎಷ್ಟೇ ಸಿಗಲಿ, ಬೇಕಾದ ಗಾಳಿ ಸಾಲದಿದ್ದರೆ ಅದರ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದರದ್ದೇ ಯಜಮಾನಿಕೆ. ನಮ್ಮೂರಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೆ. ಪಂಪಿನಲ್ಲಿ ಬಾವಿಯ ನೀರು ಮೇಲೇರುತ್ತಿಲ್ಲವೆಂದು ಹಿರಿಯರು ಇನ್ನೂ ದೊಡ್ಡ ಮೋಟಾರು ತಂದು ಕೂರಿಸಿದ್ದರು. ವೋಲ್ಟೇಜೇ ಇಲ್ಲದ ಲೈನಿನಲ್ಲಿ ಅದು ಗುಂಯ್‌ಗುಟ್ಟಿತೇ ಹೊರತು ತಿರುಗಲಿಲ್ಲ. ನನಗೆ ಹಾಲು, ಮೊಟ್ಟೆ ಸುರಿದದ್ದೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆಯೇ. ಕಡಿಮೆ ಬಿದ್ದದ್ದು ಬೇರೇನೋ ಇತ್ತು, ಯಾರೂ ಅದನ್ನು ಹುಡುಕಿರಲಿಲ್ಲ.

ಹಳಿಯಾಳದಲ್ಲಿ ಬಸ್ಸು ಬದಲಿಸಬೇಕಿತ್ತು. ನಾನು ಆಯಿಯ ಕೈ ಹಿಡಿದು ದವಾಖಾನೆಯ ಕಡೆ ಎಳೆದೆ.

"ಬಸ್ ತಪ್ಪತೈತಲ್ಲ!" ಎಂದು ಆಯಿ ಗೊಣಗಿದಳು.

"ತಪ್ಪಲಿ. ಸೋಮಾರಿ ಅನಿಸ್ಕೊಂಡು ನಾ ಊರಿಗೆ ಬರಂಗಿಲ್ಲ."

ಅಲ್ಲಿನ ಡಾಕ್ಟರ್‌ಬಾಯಿ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಮತ್ತು ಮಲ ಪರೀಕ್ಷೆ ಮಾಡಿಸಿದರು. ಫಲಿತಾಂಶ ನೋಡಿ ಅವರಿಗೇ ಆಶ್ಚರ್ಯ. "ಮೈಯಾಗ ರಕ್ತ ಇಷ್ಟು ಕಡಿಮಿ ಇಟ್ಕೊಂಡು ಹೆಂಗ ಓಡಿದಿ? ನೀ ಎಳೆದ ಉಸಿರು ಕಾಲಿಗೆ ಮುಟ್ಟಬೇಕಂದ್ರ ರಕ್ತದಾಗ ಕಬ್ಬಿಣ ಬೇಕು. ಹೊಟ್ಟಿಯೊಳಗ ಕೊಕ್ಕೆಹುಳ ಅದಾವು, ಅವು ರಕ್ತ ಕುಡೀಲಿಕ್ಕೆ ಹತ್ಯಾವು. ಬರಿಗಾಲಾಗ ಅಡ್ಡಾಡ್ತಿಯೇನು? ಹಸಿ ಮಣ್ಣಿನ್ಯಾಗಿಂದ ಅಂಗಾಲು ಕೊರದು ಒಳಗ ಹೋಗ್ತಾವ."

ನನ್ನ ಶಕ್ತಿ ಎಂದು ಹೊಗಳಿದ್ದರಲ್ಲ, ಅದೇ ಬರಿಗಾಲು! ನಮ್ಮಂಥವರಿಗೂ ಏನಾದರೂ ಕಡಿಮೆ ಬೀಳಬಹುದು ಎಂಬುದು ಸರ್‌ಗೆ ಹೊಳೆದೇ ಇರಲಿಲ್ಲ.

ಊರಿನ ಬಸ್ಸು ಬಿಟ್ಟು ಹಾಸ್ಟೆಲಿಗೇ ಮರಳಿದೆವು. ಡಾಕ್ಟರ್‌ಬಾಯಿ ಕೊಟ್ಟ ಹುಳದ ಗುಳಿಗೆ, ಕಬ್ಬಿಣದ ಗುಳಿಗೆ ತೋರಿಸಿ, ಅವರು ಹೇಳಿದ್ದನ್ನೆಲ್ಲ ಸರ್‌ಗೆ ಒಪ್ಪಿಸಿದೆ. "ನಾ ಹೋಗಂಗಿಲ್ರಿ ಸರ್. ಗುಳಿಗಿ ಮುಗಿಯೂತನಕ ಟೈಮ್ ಕೊಡ್ರಿ. ಬೂಟೂ ಕೊಡ್ರಿ."

"ಅಷ್ಟರಾಗ ಈ ವರ್ಷದ ಕ್ರೀಡಾಕೂಟದ ಆಯ್ಕೆ ಮುಗದು ಹೋಗ್ತೈತಿ."

"ಹೋಗ್ಲಿ. ಮುಂದಿನ ವರ್ಷ ಬರತೈತಲ್ರಿ."

ಆಯಿ ನನ್ನ ಬಟ್ಟೆಯ ಗಂಟನ್ನು ಸರ್ ಅವರ ಮೇಜಿನ ಮುಂದೆ ಇಟ್ಟು ಅಲ್ಲೇ ನೆಲಕ್ಕೆ ಕುಳಿತುಬಿಟ್ಟಳು. ಸರ್ ಗಂಟನ್ನೂ ಆಯಿಯನ್ನೂ ನೋಡಿ ಹೂಂ ಎಂದರು.

ಮರುವರ್ಷ ಮುಂಡಗೋಡದ ಕ್ರೀಡಾಕೂಟದಲ್ಲಿ ಎರಡನೆಯವಳಾಗಿ ಬಂದೆ. ಪದಕ ಹಾಕಿದ ಅತಿಥಿ ಕಾಡು, ಜೇನು, ಪೂರ್ವಜರ ತಾಕತ್ತು ಎಂದೆಲ್ಲ ಭಾಷಣ ಮಾಡಿ, "ಏನವಾ ನಿನ್ನ ಗುಟ್ಟು?" ಎಂದು ಮೈಕನ್ನು ನನ್ನ ಕೈಗಿತ್ತರು.

"ಹುಳದ ಗುಳಿಗಿ, ಕಬ್ಬಿಣದ ಗುಳಿಗಿ, ಒಂದು ಜೋಡಿ ಬೂಟು ರೀ," ಎಂದೆ.

ಮೈದಾನವೆಲ್ಲ ನಕ್ಕಿತು. ಅತಿಥಿಯೂ ನಗುತ್ತ ಮೈಕಿಗೆ ಕೈ ಚಾಚಿದರು. ನಾನು ಕೊಡಲಿಲ್ಲ. ನಗು ಅಡಗುವ ತನಕ ಕಾದು, ಅದನ್ನೇ ಇನ್ನೊಮ್ಮೆ ಹೇಳಿದೆ.