ಸುಂದ್ರಮ್ಮನ ಜಗಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಂಡ್ಲುಪೇಟೆಯ ಹೊಸ ಬಡಾವಣೆಯಲ್ಲಿ ಅರ್ಧ ಎದ್ದಿರುವ ಮಹಡಿ ಮನೆಯ ಮೇಲೆ ಸುಂದ್ರಮ್ಮ ನೀರಿನ ಪೈಪು ಹಿಡಿದು ನಿಂತಿದ್ದಾರೆ. ನಿನ್ನೆ ಕಟ್ಟಿದ ಗೋಡೆ ಬಿಸಿಲೇರುವ ಮೊದಲೇ ನೀರು ಕುಡಿಯಬೇಕು. ಗಾರೆಯವರು ಬರುವಷ್ಟರಲ್ಲಿ ಮರಳು ಜರಡಿಯಾಡಿ, ಇಟ್ಟಿಗೆ ನೆನೆದಿರಬೇಕು. "ಗ್ವಾಡೆನೂ ಅಸುಗೂಸಿದ್ದಂಗೆ ಕಣಪ್ಪ. ಒಣುಗ್ಸುದ್ರೆ ಬಿರುಕು ಬುಡ್ತದೆ" ಎನ್ನುತ್ತಾರೆ, ಕೈ ನಿಲ್ಲಿಸದೆ.

ಭೀಮನಬೀಡಿನಲ್ಲಿ ಹುಟ್ಟಿದ ಸುಂದ್ರಮ್ಮ, ಗಾರೆ ಕೆಲಸದ ಕೆಂಪಯ್ಯನವರ ಕೈಹಿಡಿದು ಪೇಟೆಗೆ ಬಂದವರು. ಅವರು ಕಟ್ಟುತ್ತಿದ್ದರು, ಇವರು ಬಾಂಡ್ಲಿ ಹೊರುತ್ತಿದ್ದರು. ನಿಂತು ಗೋಡೆ ಕಟ್ಟುತ್ತಿದ್ದ ಸಾರುವೆ ಮುರಿದು ಬಿದ್ದು ಕೆಂಪಯ್ಯ ತೀರಿಕೊಂಡ ಮೇಲೂ ಆ ಬಾಂಡ್ಲಿ ತಲೆಯಿಂದ ಇಳಿದಿಲ್ಲ. ದಿನಕ್ಕೆ ಏಳೆಂಟು ನೂರು ಇಟ್ಟಿಗೆ ಅವರ ತಲೆಯ ಮೇಲೆಯೇ ಮಹಡಿಗೇರುತ್ತವೆ. ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ಅವರು ದುಡಿದ ಮನೆಗಳಿವೆ. ಗೃಹಪ್ರವೇಶದ ದಿನ ಮಾತ್ರ ಅವರ ಜಾಗ ಶಾಮಿಯಾನದ ಆಚೆ.

"ಸೀರೆ ಕೊಡ್ತಾರೆ, ಊಟ ಆಕ್ತಾರೆ, ಇಲ್ಲ ಅನ್ನಕಾಗಲ್ಲ. ಕೂತ್ಕೊ ಅನ್ನಲ್ಲ, ಅಷ್ಟೇಯ."

ಇಷ್ಟು ಮನೆ ಎಬ್ಬಿಸಿದವರಿಗೆ ಸ್ವಂತ ಮನೆಯಿಲ್ಲ. ಜಾಗವೇನೋ ಇದೆ, ಊರಂಚಿನಲ್ಲಿ ಬಡವರಿಗೆಂದೇ ಹಂಚಿದ ಇಪ್ಪತ್ತಕ್ಕೆ ಮೂವತ್ತು ಅಡಿಯ ನಿವೇಶನ. ಆದರೆ ನಾಲ್ಕೂ ಕಡೆ ಜಾಗ ಬಿಟ್ಟೇ ಕಟ್ಟಬೇಕೆಂದು ನಿಯಮ. ಗಾಳಿ ಬೆಳಕಿಗಂತೆ! ಬಂಗಲೆಗೆ ಹೊಲಿದ ಅಂಗಿಯನ್ನು ಗುಡಿಸಲಿಗೆ ತೊಡಿಸಿದರೆ ಹೇಗೆ? ಕೇಳಿದಷ್ಟು ಬಿಟ್ಟರೆ ಉಳಿಯುವ ಜಾಗದಲ್ಲಿ ಒಲೆ ಹೂಡಬೇಕೋ, ಚಾಪೆ ಹಾಸಬೇಕೋ?

ಹೋದ ವರ್ಷ ಸುಂದ್ರಮ್ಮ ಪರವಾನಗಿಗೆ ಕಾಯದೆ ಪಾಯ ತುಂಬಿಸಿದರು. ಗೋಡೆಗೂ ಮೊದಲು ಮುಂದುಗಡೆ ಜಗಲಿ ಕಟ್ಟಿದರು. ಅವರ ತವರಿನಲ್ಲಿ ಹಾಗೆಯೇ, ಕೆಲಸಕ್ಕೆ ಬಂದವರು ಕೂತು ಉಣ್ಣಲಿಕ್ಕೆ ಮೊದಲು ಜಗಲಿ, ಆಮೇಲೆ ಮನೆ. ಪರವಾನಗಿ ಕೊಡುವ ಕಚೇರಿಯವರು ಟೇಪು ಹಿಡಿದು ಬಂದರು. ಜಗಲಿ ಖಾಲಿ ಬಿಡಬೇಕಾದ ಜಾಗದಲ್ಲಿದೆ ಎಂದರು. ಇಬ್ಬರು ಕೂರುವಷ್ಟು ಜಗಲಿಯನ್ನು ಒಡೆಯಲು ಜೆಸಿಬಿ ತರಿಸಿದರು!

ಅಲ್ಲಿಂದ ಕೂಗಳತೆಯಲ್ಲೇ ಚರಂಡಿಯ ಮೇಲೆ ಕೂತ ಅಂಗಡಿ ಸಾಲೊಂದಿದೆ. ಅದರ ಮುಂದೆ ಯಾರೂ ಟೇಪು ಬಿಚ್ಚಲಿಲ್ಲ. ಬಡವನ ಕೋಪ ದವಡೆಗೆ ಮೂಲವೆಂದು ಸುಂದ್ರಮ್ಮ ಅಂದು ಬಾಯಿ ಬಿಡಲಿಲ್ಲ. ನನಗೆ ಮಾತ್ರ ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಈಗ, 2007ರಲ್ಲಿ, ನಿಯಮ ತಿದ್ದಿದ್ದಾರೆ. ಸಣ್ಣ ನಿವೇಶನದಲ್ಲಿ ಅಕ್ಕಪಕ್ಕ ಜಾಗ ಬಿಡಬೇಕಿಲ್ಲ, ನೆರೆಯವರೊಂದಿಗೆ ಒಂದೇ ಗೋಡೆ ಹಂಚಿಕೊಳ್ಳಬಹುದು. ನಮ್ಮ ಹಳೆಯ ಕೇರಿಗಳೆಲ್ಲ ಹಾಗೆಯೇ ನಿಂತಿವೆಯಲ್ಲ, ಇದು ಹೊಳೆಯಲು ಇಷ್ಟು ವರ್ಷ ಬೇಕಾಯಿತೇ? ಪಕ್ಕದ ನಿವೇಶನದ ಚಿಕ್ಕಮಲ್ಲಮ್ಮ ಆಗಲೇ ತಯಾರು. "ನಂದು ನಿಂದು ಅಂತ ಎರಡ್ಯಾಕಕ್ಕ, ಒಂದೇ ಗ್ವಾಡೆ ಎಬ್ಬುಸ್ಬುಡನ" ಎಂದಿದ್ದಾರಂತೆ.

ಆದರೆ ಮುಂದಿನ ಮೂರಡಿ ಈಗಲೂ ಖಾಲಿಯೇ ಇರಬೇಕು. ಜಗಲಿಯ ಆಸೆ ಬಿಟ್ಟರೆ ನಾಳೆಯೇ ಪರವಾನಗಿ ಎಂದು ಕಚೇರಿಯಲ್ಲಿ ಹೇಳಿದ್ದಾರೆ.

"ಹಾಗಾದರೆ ಬಿಟ್ಟಿರಾ?" ಎಂದು ಕೇಳುತ್ತೇನೆ.

ಸುಂದ್ರಮ್ಮ ಪೈಪು ಕೆಳಗಿಟ್ಟು, ಒದ್ದೆ ಮರಳಿನ ಮೇಲೆ ಕಡ್ಡಿಯಿಂದ ಚೌಕ ಎಳೆಯುತ್ತಾರೆ. ಅದು ಅವರ ಮನೆ. ಮುಂದಿನ ಗೆರೆಯನ್ನು ಅಳಿಸಿ, ಇನ್ನಷ್ಟು ಒಳಗೆ ಬೇರೆ ಗೆರೆ ಹಾಕುತ್ತಾರೆ.

"ಗ್ವಾಡೆನೇ ಒಳಕ್ಕೆ ತಕ್ಕಬುಡ್ತೀನಿ. ಅವ್ರ ಮೂರಡಿ ಅವ್ರಿಗೆ ಖಾಲಿ ಇರ್ಲಿ. ಜಗಲಿ ನನ್ ಕ್ವಾಣೆ ಜಾಗ್ದಲ್ಲಿ."

ಆಗ ಮುಂದಿನ ಕೋಣೆಯಲ್ಲಿ ಉಳಿಯುವುದು ಕಾಲು ಚಾಚಿ ಮಲಗುವಷ್ಟು ಜಾಗ. ಅದನ್ನೂ ಯಾಕೆ ಕಳೆದುಕೊಳ್ಳುತ್ತೀರಿ ಎಂದರೆ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ.

"ಇಟ್ಟಿಗೆ ಒತ್ತ ಮನೆ ಮುಂದೆಲ್ಲ ನಿಂತ್ಕಂಡೇ ಬಂದಿವ್ನಿ ಕಣಪ್ಪ. ನನ್ ಮನೆ ಮುಂದೆ ಯಾರೂ ನಿಂತ್ಕಬಾರ್ದು. ಟೇಪ್ ಇಡ್ಕಂಡು ಬಂದ್ನಲ್ಲ, ಆ ಸಾಮಿನೂವೆ ವಸಿ ಕೂತ್ಕಂಡು ನೀರ್ ಕುಡ್ಕಂಡು ಓಗ್ಲಿ."