ಚಿಕ್ಕಮುನಿಯಪ್ಪನವರು ತೆಪ್ಪ ಹತ್ತಿದ್ದು

ಶಿವರಾತ್ರಿಗೆ ನಾಯಂಡಹಳ್ಳಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ನಮ್ಮ ಮೂವತ್ತು ಜನರ ಸೈನ್ಯಕ್ಕೆ ಸೇನಾಧಿಪತಿ ಚಿಕ್ಕಮುನಿಯಪ್ಪನವರು. ಸಿಟಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದು ನಿವೃತ್ತರಾದವರು. ಅರ್ಧ ಬೆಂಗಳೂರನ್ನು ಕೂರಿಸಿ, ತಾವು ಮಾತ್ರ ಕಂಬಿ ಹಿಡಿದು ನಿಂತೇ ಭೂಮಂಡಲ ಸುತ್ತಿದ ಕಾಲುಗಳು ಅವು. ಅವಕ್ಕೆ ನೂರೈವತ್ತು ಕಿಲೋಮೀಟರ್ ಯಾವ ಲೆಕ್ಕ?

ಅವರ ಹರಕೆಯ ಕತೆ ನಮಗೆಲ್ಲ ಬಾಯಿಪಾಠ. ಮಗಳು ಕವನಾ ಕಾಲೇಜಿನಲ್ಲಿದ್ದಾಗ ಡೆಂಗಿ ಜ್ವರ ಬಂದು ಮೂರು ದಿನ ಕಣ್ಣು ಬಿಟ್ಟಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಪ್ಪ ಕೈಮುಗಿದರು: ಹನ್ನೆರಡು ವರ್ಷ, ಮನೆಯ ಹೊಸಿಲಿನಿಂದ ಮಾದಪ್ಪನ ಹೊಸಿಲಿನವರೆಗೆ, ನಡುವೆ ಒಂದು ಮಾರು ದೂರವೂ ಗಾಡಿ ಹತ್ತದೆ ಬರುತ್ತೇನೆ. ಮಗಳು ಎದ್ದಳು, ಓದಿದಳು, ಬ್ಯಾಂಕಿನ ಕೆಲಸಕ್ಕೆ ಸೇರಿದಳು, ಮದುವೆಯಾದಳು. ಅಪ್ಪ ನಡೆಯುತ್ತಲೇ ಇದ್ದರು.

ಗಾಡಿ ಎಂದರೇನು ಎಂಬುದಕ್ಕೂ ಅವರಲ್ಲಿ ಕಟ್ಟುನಿಟ್ಟಿನ ಶಾಸ್ತ್ರವಿತ್ತು. ನಾನು ಹೆಜ್ಜೆ ಇಡದೆ ನಾನು ಮುಂದೆ ಹೋದರೆ ಅದು ಗಾಡಿ, ಅಷ್ಟೇ ಎನ್ನುತ್ತಿದ್ದರು. ಈ ಶಾಸ್ತ್ರದ ಪ್ರಕಾರ ಕನಕಪುರದ ಕಲ್ಯಾಣ ಮಂಟಪದ ಲಿಫ್ಟೂ ಗಾಡಿ. ಊಟಕ್ಕೆ ಮೂರು ಮಹಡಿ ಹತ್ತಿದರು. ಐದನೇ ವರ್ಷ ಹಾರೋಹಳ್ಳಿಯಲ್ಲಿ ಯಾರದೋ ಜಗಲಿಯ ಉಯ್ಯಾಲೆಯ ಮೇಲೆ ಮರೆತು ಕೂತುಬಿಟ್ಟಿದ್ದರು. ಹಾವು ಕಂಡವರಂತೆ ಎದ್ದು, ಒಂದು ಗಂಟೆ ಚಿಂತಿಸಿ, ಉಯ್ಯಾಲೆ ಹೋದಷ್ಟೇ ಹಿಂದೆ ಬರುವುದರಿಂದ ಒಟ್ಟು ಪ್ರಯಾಣ ಸೊನ್ನೆ ಎಂದು ತೀರ್ಪು ಕೊಟ್ಟುಕೊಂಡ ಮೇಲೆಯೇ ಮಜ್ಜಿಗೆ ಕುಡಿದದ್ದು.

ಹೀಗೆ ಹನ್ನೊಂದು ವರ್ಷ ದಿಗ್ವಿಜಯ. ಇದು ಹನ್ನೆರಡನೆಯದು, ಕೊನೆಯದು.

ಈ ಸಲ ನಮ್ಮ ಜೊತೆ ಮುನಿಲಕ್ಷ್ಮಮ್ಮನೂ ಹೊರಟಿದ್ದರು. ಎಪ್ಪತ್ತೊಂದು ವರ್ಷ. ನಮ್ಮೂರಲ್ಲಿ ಈಗ ಗೋಡೌನ್ ಇರುವ ಜಾಗದಲ್ಲಿ ಒಂದು ಕಾಲದಲ್ಲಿ ರಾಗಿ ಬೆಳೆದವರು. ಪ್ರತಿ ವರ್ಷ ನಮಗೆ ಬಾಗಿಲಲ್ಲಿ ನಿಂತು ಪಾನಕ ಕೊಡುತ್ತಿದ್ದವರು, ಈ ವರ್ಷ ಚೊಂಬನ್ನು ಸೊಸೆಯ ಕೈಗಿತ್ತು ಚಪ್ಪಲಿ ಬಿಟ್ಟು ಬೀದಿಗಿಳಿದರು. ಸಾತನೂರು ದಾಟುವ ಹೊತ್ತಿಗೆ ನಮ್ಮಲ್ಲಿ ಅರ್ಧ ಜನ ಅಂಗಾಲಿನ ಬೊಬ್ಬೆಗೆ ಎಣ್ಣೆ ಹಚ್ಚುತ್ತಿದ್ದರೆ, ಆಯಮ್ಮ ಮುಂದೆ ನಿಂತು ಯಾಕ್ರಪ್ಪಾ ತಡ ಎಂದು ಕೇಳುತ್ತಿದ್ದರು.

ನಾಲ್ಕನೇ ದಿನ ಬೆಳಿಗ್ಗೆ ಸಂಗಮ ಮುಟ್ಟಿದೆವು. ಅಲ್ಲಿ ಕಾವೇರಿಯನ್ನು ಹಗ್ಗ ಹಿಡಿದು, ಮೊಣಕಾಲುದ್ದದ ನೀರಿನಲ್ಲಿ ನಡೆದು ದಾಟುವುದು ವಾಡಿಕೆ. ಆ ದಿನ ನೀರು ಎದೆಮಟ್ಟ ಹರಿಯುತ್ತಿತ್ತು. ಕಾವಲಿಗಿದ್ದವರು ಹಗ್ಗ ಬಿಚ್ಚಿದ್ದರು. ಬುಟ್ಟಿಯಂಥ ತೆಪ್ಪದಲ್ಲಿ ಕೂತು ದಾಟಿರಿ, ಇಲ್ಲವೇ ನೀರಿಳಿಯುವವರೆಗೆ ಕಾಯಿರಿ ಎಂದರು. ಎರಡು ದಿನವಾದರೂ ಆದೀತಂತೆ. ಕಾದರೆ ಶಿವರಾತ್ರಿ ತಪ್ಪುತ್ತದೆ. ಕೂತರೆ ಹರಕೆ ತಪ್ಪುತ್ತದೆ.

ಸೇನಾಧಿಪತಿ ಬಂಡೆಯ ಮೇಲೆ ಕೂತರು. ನೀವು ಹೋಗಿ, ನಾನು ಕಾಯುತ್ತೇನೆ, ಹಬ್ಬ ತಪ್ಪಿದರೂ ದೇವರು ಬೆಟ್ಟ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದರು. ಉಳಿದವರು ಒಬ್ಬೊಬ್ಬರಾಗಿ ದಾಟಿದರು. ಕೊನೆಯ ಸರದಿಯಲ್ಲಿ ನಾನು ಮತ್ತು ಮುನಿಲಕ್ಷ್ಮಮ್ಮ. ಅವರು ತೆಪ್ಪಕ್ಕೆ ಒಂದು ಕಾಲಿಟ್ಟರು, ಅದು ಓಲಾಡಿತು, ಕಾಲು ಹಿಂದೆಗೆದು ದಡದ ಮರವನ್ನು ತಬ್ಬಿ ನಿಂತರು. ಜೀವಮಾನದಲ್ಲಿ ನೀರಿನ ಮೇಲೆ ಕೂತವರಲ್ಲ. ನಾನು ಹೇಳಿದ ಧೈರ್ಯವೆಲ್ಲ ದಂಡವಾಯಿತು.

"ಅಕ್ಕ, ಏನೂ ಆಗಲ್ಲ, ಕೂತ್ಕೊಳ್ಳಿ," ಎಂದರು ಚಿಕ್ಕಮುನಿಯಪ್ಪ, ಬಂಡೆಯಿಂದಲೇ.

"ಕೂತವರಿಗಲ್ಲವೇ ಗೊತ್ತಾಗೋದು ಏನಾಗುತ್ತೆ ಅಂತ," ಎಂದರು ಆಕೆ. ಆಮೇಲೆ ತಗ್ಗಿದ ದನಿಯಲ್ಲಿ, "ನಿನ್ನನ್ನ ಕರೀತಾ ಇಲ್ಲ ಕಣಪ್ಪ. ನಿನ್ನ ಹರಕೆ ನಿಂದು. ನಾನು ಇಲ್ಲಿಂದಲೇ ಕೈಮುಗಿದು ವಾಪಸ್ ಹೋಗ್ತೀನಿ."

ಚಿಕ್ಕಮುನಿಯಪ್ಪ ಆ ಮರ ತಬ್ಬಿದ ಕೈಗಳನ್ನೂ, ಒಡೆದ ಹಿಮ್ಮಡಿಗಳನ್ನೂ ನೋಡಿದರು. ಎದ್ದರು. ಪಂಚೆ ಎತ್ತಿ ಕಟ್ಟಿ, ಸೀದಾ ತೆಪ್ಪದೊಳಗೆ ಹೋಗಿ ಕೂತು, ಕೈ ಚಾಚಿದರು.

"ಬನ್ನಿ ಅಕ್ಕ. ಸೀಟ್ ಇದೆ."

ತೆಪ್ಪ ಗಿರಗಿರನೆ ಒಂದು ಸುತ್ತು ಹೊಡೆದು ಹೊಳೆಗಿಳಿಯಿತು. ಮುನಿಲಕ್ಷ್ಮಮ್ಮ ಕಣ್ಣು ಮುಚ್ಚಿ ಅವರ ಮಣಿಕಟ್ಟು ಹಿಡಿದಿದ್ದರು. ನಾನು ಎದುರಿಗಿದ್ದೆ, ಆದ್ದರಿಂದ ಕಂಡದ್ದನ್ನೇ ಹೇಳುತ್ತಿದ್ದೇನೆ. ಹನ್ನೊಂದು ವರ್ಷ ಈ ಮನುಷ್ಯ ಜಾರೀತೆಂದು ಕಾಲನ್ನೇ ನೋಡುತ್ತಾ ಹೊಳೆ ದಾಟಿದವರು. ಇವತ್ತು ಕಾಲಿಗೆ ಕೆಲಸವಿಲ್ಲ. ಮೊದಲ ಸಲ ತಲೆಯೆತ್ತಿದರು. ಎರಡೂ ದಡದ ಮತ್ತಿಮರಗಳು ನೀರಿಗೆ ಬಾಗಿದ್ದವು, ಬೆಳಗಿನ ಬಿಸಿಲು ಅಲೆಯ ಮೇಲೆ ಕುಣಿಯುತ್ತಿತ್ತು, ಆಚೆ ದಡದಿಂದ ನೂರಾರು ಜನರ "ಉಘೇ ಉಘೇ" ನೀರಿನ ಮೇಲೆ ತೇಲಿ ಬರುತ್ತಿತ್ತು. ಚಿಕ್ಕಮುನಿಯಪ್ಪನವರ ಬಾಯಿ ಸ್ವಲ್ಪ ತೆರೆದುಕೊಂಡಿತು. ಗಡ್ಡದೊಳಕ್ಕೆ ಕಣ್ಣೀರು ಇಳಿಯಿತು. ಒರೆಸಿಕೊಳ್ಳಲಿಲ್ಲ, ಬಲಗೈ ಅಕ್ಕನ ಹಿಡಿತದಲ್ಲಿತ್ತು, ಎಡಗೈ ತಾನಾಗಿ ಎದೆಯ ಮೇಲೆ ಬಂದಿತ್ತು. ನಾನು ತಮಾಷೆ ಮಾಡಲು ಒಂದು ಮಾತು ಹುಡುಕಿದೆ, ಸಿಗಲಿಲ್ಲ.

ಆಚೆ ದಡದಲ್ಲಿ ಧರ್ಮಸಭೆ ಸೇರಿತು. ನಮ್ಮ ತಂಡದಲ್ಲಿದ್ದ, ರಾಜರಾಜೇಶ್ವರಿನಗರದಲ್ಲಿ ಸೈಟು ಮಾರಿಸುವ ಲಕ್ಷ್ಮೀಪತಿ ತಮ್ಮ ಕಸುಬಿನ ಜಾಣತನವನ್ನೆಲ್ಲ ಸುರಿದರು. ತೆಪ್ಪದೊಳಗೆ ಸೋರಿದ ನೀರಿನಲ್ಲಿ ಕಾಲು ನೆನೆದಿದೆ, ನೆನೆದ ಕಾಲು ನಡೆದ ಕಾಲಿಗೆ ಸಮ. ಇನ್ನೊಬ್ಬರಿಗಾಗಿ ಕೂತದ್ದು ಕೂತ ಹಾಗಲ್ಲ. ಚಕ್ರವಿಲ್ಲದ್ದು ಗಾಡಿಯೇ ಅಲ್ಲ. ಚಿಕ್ಕಮುನಿಯಪ್ಪ ಎಲ್ಲವನ್ನೂ ಗೌರವದಿಂದ ಕೇಳಿ, ಎಲ್ಲವನ್ನೂ ತಳ್ಳಿಹಾಕಿದರು. ಹರಕೆ ಮುರಿದಿದೆ, ಮುಂದಿನ ಶಿವರಾತ್ರಿಯಿಂದ ಮತ್ತೆ ಒಂದನೇ ವರ್ಷ ಎಂದು ಘೋಷಿಸಿದರು. ಅರವತ್ತನಾಲ್ಕರ ಮನುಷ್ಯ, ಪ್ರಮೋಷನ್ ಸಿಕ್ಕವರ ಮುಖದಲ್ಲಿ.

ತಾಳಬೆಟ್ಟದ ಬುಡದಲ್ಲಿ ಮಗಳ ಫೋನು ಬಂತು. ಸುದ್ದಿ ಆಗಲೇ ಮುಟ್ಟಿತ್ತು. ಅವಳ ದನಿ ನಮಗೂ ಕೇಳುವಷ್ಟು ಜೋರಾಗಿತ್ತು.

"ಅಪ್ಪಾ, ಸಾಕು. ನಾನು ಹುಷಾರಾಗಿ ಯಾವ ಕಾಲ ಆಯ್ತು. ಇನ್ನು ಹನ್ನೆರಡು ವರ್ಷ ನನಗೋಸ್ಕರ ನಡೀತೀರಾ?"

"ನಿನಗೋಸ್ಕರ ಅಲ್ಲ ಕಣಮ್ಮ," ಎಂದರು ಚಿಕ್ಕಮುನಿಯಪ್ಪ, ಮೊದಲ ಮೆಟ್ಟಿಲಿಗೆ ಕಾಲಿಡುತ್ತಾ. "ಆ ಹೊಳೇನ ನಾನಿನ್ನೂ ಸರಿಯಾಗಿ ನೋಡಿಲ್ಲ."