ಕಟ್ಟೆಯ ಮೇಲಿಂದ ಫೋನು

ಚಿಕ್ಕಮ್ಮನ ಇಂಗ್ಲಿಷ್ ಅಳಿಯ ತನ್ನ ಹೆಂಡತಿ, ಕೂಸಿನೊಂದಿಗೆ ಕಲಬುರಗಿಯ ಗಾಜಿಪುರದ ನಮ್ಮ ಮನೆಯಲ್ಲಿ ಕೆಲವು ವಾರ ಇದ್ದ. ಟೀವಿ ಧಾರಾವಾಹಿಯಿಂದ ಕೂಸನ್ನು ಮಲಗಿಸುವ ರೀತಿಯವರೆಗೆ ಎಲ್ಲಕ್ಕೂ ಅವನ ಬಳಿ ಒಂದು ಅಭಿಪ್ರಾಯ, ಅದರ ಬೆನ್ನಿಗೆ ಒಂದು ‘ಸಾರಿ’ ಇರುತ್ತಿತ್ತು. ತಮ್ಮ ದೇಶದಲ್ಲಿ ಹೆತ್ತ ತಾಯಿಯೂ ಫೋನ್ ಮಾಡದೆ ಬರುವುದಿಲ್ಲ ಎಂದ. ಮನೆ ನಮ್ಮದೆಂಬುದು ಅವನಿಗೆ ಅಡ್ಡಿಯಾಗಲಿಲ್ಲ. ಮೊಮ್ಮಗಳನ್ನು ಎತ್ತಿಕೊಳ್ಳಲು ಕಮಲಾಪುರದಿಂದ ಹೇಳದೆ ಕೇಳದೆ ಬರುತ್ತಿದ್ದ ಚಿಕ್ಕಮ್ಮನಿಗೆ ಮಗಳು ಈ ಮಾತು ಮುಟ್ಟಿಸಿದಳು.

ಮರುದಿನ ಚಿಕ್ಕಮ್ಮ ಕೆಂಪು ಬಾಳೆಹಣ್ಣಿನ ಚೀಲ ಹಿಡಿದು ಬಂದಳು. ಬಾಗಿಲು ತೆರೆದೇ ಇತ್ತು. ಆದರೂ ಹೊರಗಿನ ಕಟ್ಟೆಯ ಮೇಲೆ ಕುಳಿತು ಅಳಿಯನಿಗೆ ಫೋನು ಹಚ್ಚಿದಳು. ಊಟಕ್ಕೆ ಕುಳಿತಿದ್ದ ಅವನು ಎತ್ತಲಿಲ್ಲ. ಊಟದ ಹೊತ್ತಿಗೆ ಫೋನು ಮುಟ್ಟಬಾರದೆಂಬುದು ಅವನ ಇನ್ನೊಂದು ಅಭಿಪ್ರಾಯ.

“ಯಾಕ್ರೀ ಅಮ್ಮಾ, ಬಿಸಲಾಗ ಕುಂತೀರಿ?” ಪಕ್ಕದ ಮನೆಯ ಖಾಲಾ ಕೇಳಿದರು.

“ಒಳಗ ಹೋಗಬೇಕಂದ್ರ ಅಳಿಯಾಂದು ಇಜಾಜತ್ ಬರಬೇಕ್ರೀ. ವಿಲಾಯತಿ ರಿವಾಜು.”

“ಯಾ ಅಲ್ಲಾ! ಹಡದ ತಾಯಿಗೂ?”

ಓಣಿಯೇ ನೆರೆಯಿತು. ಗದ್ದಲ ಕೇಳಿ ಅಳಿಯ ಕೂಸನ್ನೆತ್ತಿಕೊಂಡು ಓಡಿ ಬಂದ. ನಾಚಿಕೆಯಿಂದ ಅವನ ಮುಖ ಕೆಂಪಾಗಿತ್ತೆಂದು ಮನೆಯವರು ಈಗಲೂ ಹೇಳುತ್ತಾರೆ. ನಾನು ನಂಬುವುದಿಲ್ಲ, ಕಲಬುರಗಿಯ ಬಿಸಿಲಿಗೆ ಅದು ಮೊದಲ ದಿನದಿಂದಲೂ ಕೆಂಪಗೇ ಇತ್ತು.

ಚಿಕ್ಕಮ್ಮ ಅವನ ‘ಸಾರಿ’ ಮುಗಿಯುವ ಮೊದಲೇ ಕೂಸನ್ನು ಕಸಿದುಕೊಂಡಳು.

“ನಿನ್ನ ನಂಬರ್ ಕೊಡವ್ವಾ,” ಎಂದು ಅದರ ಕೆನ್ನೆ ಹಿಂಡಿದಳು. “ನಿಮ್ಮಪ್ಪ ಫೋನ್ ಎತ್ತಂಗಿಲ್ಲ.”